ಒಂದೇ ಊಟ, ಬೇರೆ ಬೇರೆ ತೂಕ: ಬೊಜ್ಜಿನಲ್ಲಿ ವಂಶವಾಹಿಯ ಪಾಲೆಷ್ಟು?

"ಎಷ್ಟು ತಿಂದರೂ ಮೈಗೆ ಹತ್ತಲ್ಲ" ಎನ್ನುವವರು ಒಂದು ಕಡೆ, "ನೀರು ಕುಡಿದರೂ ದಪ್ಪ ಆಗ್ತೀನಿ" ಎನ್ನುವವರು ಇನ್ನೊಂದು ಕಡೆ. ಹೆಚ್ಚಿನ ಮನೆಗಳಲ್ಲಿ ಈ ಎರಡೂ ಬಗೆಯವರು ಇರುತ್ತಾರೆ. ಉಣ್ಣುವುದು ಒಂದೇ ಅಡುಗೆಮನೆಯ ಅನ್ನ-ಸಾರು, ಒಂದೇ ಹಬ್ಬದ ಹೋಳಿಗೆ. ಆದರೂ ಅಣ್ಣನ ಹೊಟ್ಟೆ ಮುಂದೆ ಬರುತ್ತದೆ, ತಮ್ಮನ ಬೆಲ್ಟ್ ಹತ್ತು ವರ್ಷದಿಂದ ಅದೇ ತೂತಿನಲ್ಲಿರುತ್ತದೆ. ದಪ್ಪಗಿರುವವರಿಗೆ ಬಾಯಿಚಪಲ, ಸೋಮಾರಿತನ ಎಂಬ ಹಣೆಪಟ್ಟಿ ಸುಲಭವಾಗಿ ಅಂಟಿಕೊಳ್ಳುತ್ತದೆ.

ಈ ಹಣೆಪಟ್ಟಿ ಪೂರ್ತಿ ನಿಜವಲ್ಲ ಎಂದು ಕಳೆದ ನಾಲ್ಕು ದಶಕಗಳ ಸಂಶೋಧನೆ ಹೇಳುತ್ತದೆ. ತಿಂದ ಆಹಾರದಲ್ಲಿ ಎಷ್ಟು ಖರ್ಚಾಗಬೇಕು, ಎಷ್ಟು ಉಳಿತಾಯವಾಗಬೇಕು, ಉಳಿದದ್ದು ದೇಹದ ಯಾವ ಭಾಗಕ್ಕೆ ಹೋಗಬೇಕು ಎಂಬುದರಲ್ಲಿ ವಂಶವಾಹಿಗಳ, ಅಂದರೆ ಜೀನ್‌ಗಳ ಕೈವಾಡ ದೊಡ್ಡದು. ಹಾಗೆಂದು ಎಲ್ಲವೂ ಹಣೆಬರಹ ಎಂದು ಕೈಚೆಲ್ಲಬೇಕಾಗಿಯೂ ಇಲ್ಲ. ಭಾರತೀಯರಿಗಂತೂ ಇದು ಬರೀ ತೂಕದ ವಿಷಯವಲ್ಲ. ತೆಳ್ಳಗೆ ಕಾಣುವವರಿಗೂ ಸಕ್ಕರೆ ಕಾಯಿಲೆ ಏಕೆ ಬರುತ್ತದೆ ಎಂಬ ಪ್ರಶ್ನೆಯ ಉತ್ತರವೂ ಕೊಬ್ಬಿನ ಕೋಶಗಳ ಈ ಕಥೆಯಲ್ಲೇ ಇದೆ.

ಹೆಚ್ಚು ತಿಂದ 12 ಜೋಡಿ ಅವಳಿಗಳು

1990ರಲ್ಲಿ ಕೆನಡಾದ ಲಾವಾಲ್ ವಿಶ್ವವಿದ್ಯಾಲಯದ ಕ್ಲೋಡ್ ಬುಶಾರ್ ಮತ್ತು ಸಂಗಡಿಗರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಅದರಲ್ಲಿ ಭಾಗವಹಿಸಿದ್ದವರು 12 ಜೋಡಿ ತದ್ರೂಪಿ ಅವಳಿ ಯುವಕರು. ಅವರಿಗೆ ವಾರಕ್ಕೆ ಆರು ದಿನದಂತೆ ಒಟ್ಟು 84 ದಿನ, ದಿನಕ್ಕೆ 1,000 ಕ್ಯಾಲೊರಿ ಹೆಚ್ಚುವರಿ ಆಹಾರ ಕೊಡಲಾಯಿತು. ಎಲ್ಲರೂ ಸಂಶೋಧಕರ ಕಣ್ಣೆದುರೇ ಇದ್ದರು, ವ್ಯಾಯಾಮಕ್ಕೂ ಮಿತಿಯಿತ್ತು.

ಎಲ್ಲರಿಗೂ ಹೆಚ್ಚುವರಿಯಾಗಿ ಸಿಕ್ಕ ಆಹಾರ ಒಂದೇ ಪ್ರಮಾಣದ್ದು. ತೂಕ ಮಾತ್ರ ಒಂದೇ ರೀತಿ ಏರಲಿಲ್ಲ. ಸರಾಸರಿ ಏರಿಕೆ 8.1 ಕಿಲೋ. ಆದರೆ ಒಬ್ಬರಿಗೆ ಏರಿದ್ದು 4.3 ಕಿಲೋ, ಇನ್ನೊಬ್ಬರಿಗೆ 13.3 ಕಿಲೋ. ಅವಳಿ ಜೋಡಿಯೊಳಗೆ ನೋಡಿದರೆ ಅಣ್ಣನಿಗೆ ಎಷ್ಟು ಏರಿತ್ತೋ ತಮ್ಮನಿಗೂ ಹೆಚ್ಚೂಕಡಿಮೆ ಅಷ್ಟೇ ಏರಿತ್ತು. ಕೊಬ್ಬು ಹೊಟ್ಟೆಯೊಳಗೆ ಸೇರಿತೋ, ಚರ್ಮದ ಕೆಳಗೆ ಸೇರಿತೋ ಎಂಬುದರಲ್ಲೂ ಅವಳಿಗಳ ನಡುವೆ ಹೋಲಿಕೆ ಇತ್ತು.

ಇದಕ್ಕೂ ಮೊದಲು, 1986ರಲ್ಲಿ ಆಲ್ಬರ್ಟ್ ಸ್ಟಂಕಾರ್ಡ್ ಮತ್ತು ಸಂಗಡಿಗರು ಡೆನ್ಮಾರ್ಕ್‌ನಲ್ಲಿ ದತ್ತು ಹೋಗಿ ಬೆಳೆದಿದ್ದ 540 ವಯಸ್ಕರನ್ನು ಅಧ್ಯಯನ ಮಾಡಿದ್ದರು. ಅವರ ಮೈಕಟ್ಟು ಹೋಲುತ್ತಿದ್ದದ್ದು ಹೆತ್ತವರನ್ನು. ದಿನಾ ಊಟ ಬಡಿಸಿ ಸಾಕಿದವರ ತೂಕಕ್ಕೂ ಇವರ ತೂಕಕ್ಕೂ ಸಂಬಂಧ ಕಾಣಲಿಲ್ಲ.

ಇಂಥ ಹಲವು ಅಧ್ಯಯನಗಳ ಆಧಾರದಲ್ಲಿ, ಜನರ ನಡುವಿನ ತೂಕದ ವ್ಯತ್ಯಾಸದಲ್ಲಿ ಶೇ. 40ರಿಂದ 70ರಷ್ಟಕ್ಕೆ ವಂಶವಾಹಿಗಳ ವ್ಯತ್ಯಾಸ ಕಾರಣ ಎಂದು ತಜ್ಞರು ಅಂದಾಜಿಸುತ್ತಾರೆ. ಒಬ್ಬ ವ್ಯಕ್ತಿಯ 80 ಕಿಲೋ ತೂಕದಲ್ಲಿ ಇಷ್ಟು ಕಿಲೋ ಜೀನ್‌ನಿಂದ, ಇಷ್ಟು ಕಿಲೋ ಊಟದಿಂದ ಬಂತು ಎಂದು ಇದರ ಅರ್ಥವಲ್ಲ. ಒಂದೇ ಬಗೆಯ ವಾತಾವರಣದಲ್ಲಿ ಬದುಕುವ ಜನರಲ್ಲಿ ಕೆಲವರು ಬೇಗ ದಪ್ಪಗಾಗುವುದಕ್ಕೆ, ಕೆಲವರು ಆಗದಿರುವುದಕ್ಕೆ ಆನುವಂಶಿಕತೆ ದೊಡ್ಡ ಕಾರಣ ಎಂದಷ್ಟೇ ಅರ್ಥ.

ಕೊಬ್ಬಿನ ಕೋಶ: ದೇಹದ ಕಣಜ

ಜೀನ್‌ಗಳು ಎಲ್ಲಿ ಕೆಲಸ ಮಾಡುತ್ತವೆ ಎಂದು ತಿಳಿಯಲು ಕೊಬ್ಬಿನ ಕೋಶದ ಒಳಗೆ ಇಣುಕಬೇಕು. ಸುಗ್ಗಿಯಲ್ಲಿ ಬೆಳೆದ ಕಾಳನ್ನು ರೈತರು ಕಣಜದಲ್ಲಿ ತುಂಬಿಟ್ಟು ಬರಗಾಲಕ್ಕೆ ಬಳಸುತ್ತಿದ್ದ ಹಾಗೆ, ದೇಹ ಹೆಚ್ಚಾದ ಶಕ್ತಿಯನ್ನು ಕೊಬ್ಬಿನ ಕೋಶಗಳಲ್ಲಿ ತುಂಬಿಡುತ್ತದೆ. ಬಿಳಿ ಕೊಬ್ಬಿನ ಕೋಶವೊಂದರ ಬಹುಭಾಗವನ್ನು ಒಂದೇ ಒಂದು ಎಣ್ಣೆಯ ಹನಿ ಆಕ್ರಮಿಸಿಕೊಂಡಿರುತ್ತದೆ. ಕೋಶದ ಉಳಿದ ಭಾಗಗಳೆಲ್ಲ ಅಂಚಿಗೆ ಒತ್ತಿಕೊಂಡಿರುತ್ತವೆ.

ದಾಸ್ತಾನು ಹೆಚ್ಚಿಸಲು ಎರಡೇ ದಾರಿ. ಇರುವ ಕಣಜವನ್ನೇ ಉಬ್ಬಿಸುವುದು, ಇಲ್ಲವೇ ಹೊಸ ಕಣಜ ಕಟ್ಟುವುದು. ಕೊಬ್ಬಿನ ಕೋಶಗಳೂ ಹೀಗೆಯೇ ಗಾತ್ರದಲ್ಲಿ ಹಿಗ್ಗುತ್ತವೆ ಅಥವಾ ಸಂಖ್ಯೆಯಲ್ಲಿ ಹೆಚ್ಚುತ್ತವೆ.

ವಯಸ್ಕರಲ್ಲಿ ಈ ಸಂಖ್ಯೆ ಹೇಗೆ ಬದಲಾಗುತ್ತದೆ ಎಂಬುದನ್ನು ಸ್ವೀಡನ್‌ನ ಕರೋಲಿನ್ಸ್ಕಾ ಸಂಸ್ಥೆಯ ಕರ್ಸ್ಟಿ ಸ್ಪಾಲ್ಡಿಂಗ್ ಮತ್ತು ಸಂಗಡಿಗರು 2008ರಲ್ಲಿ ಜಾಣತನದಿಂದ ಪತ್ತೆಹಚ್ಚಿದರು. ಶೀತಲ ಸಮರದ ಕಾಲದ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ಕಾರ್ಬನ್-14 ಹೆಚ್ಚಾಗಿತ್ತು. ಅದು ಗಿಡಗಳ ಮೂಲಕ ಮನುಷ್ಯರ ದೇಹಕ್ಕೂ ಸೇರಿತ್ತು. ಕೋಶದ ಡಿಎನ್‌ಎಯಲ್ಲಿ ಅದರ ಪ್ರಮಾಣ ಅಳೆದರೆ ಆ ಕೋಶ ಯಾವಾಗ ಹುಟ್ಟಿತೆಂದು ಹೇಳಬಹುದು.

ಈ ಲೆಕ್ಕದಲ್ಲಿ ತಿಳಿದದ್ದು ಇಷ್ಟು: ಕೊಬ್ಬಿನ ಕೋಶಗಳ ಸಂಖ್ಯೆ ಬಾಲ್ಯ ಮತ್ತು ಹದಿಹರೆಯದಲ್ಲಿ ಏರಿ, ನಂತರ ಬಹುಮಟ್ಟಿಗೆ ಸ್ಥಿರವಾಗಿ ನಿಲ್ಲುತ್ತದೆ. ವರ್ಷಕ್ಕೆ ಸುಮಾರು ಶೇ. 10ರಷ್ಟು ಕೋಶಗಳು ಸತ್ತು, ಅಷ್ಟೇ ಹೊಸ ಕೋಶಗಳು ಹುಟ್ಟುತ್ತವೆ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ತೂಕ ಇಳಿಸಿದವರಲ್ಲೂ ಕೋಶಗಳು ಕುಗ್ಗಿದ್ದವೇ ಹೊರತು ಅವುಗಳ ಸಂಖ್ಯೆ ಇಳಿದಿರಲಿಲ್ಲ. ಕಣಜ ಖಾಲಿಯಾದರೂ ಕಟ್ಟಡ ಹಾಗೇ ಉಳಿಯುತ್ತದೆ. ತೂಕ ಇಳಿಸುವುದಕ್ಕಿಂತ ಇಳಿದ ತೂಕ ಉಳಿಸಿಕೊಳ್ಳುವುದು ಕಷ್ಟವಾಗಲು ಇದೂ ಒಂದು ಕಾರಣ ಇರಬಹುದು.

ಸ್ವಿಟ್ಜರ್ಲೆಂಡ್‌ನ ಇಟಿಎಚ್ ಜ್ಯೂರಿಕ್ ಸಂಸ್ಥೆಯ ಸಂಶೋಧಕರು 2024ರಲ್ಲಿ ಇನ್ನೊಂದು ಕಾರಣ ತೋರಿಸಿದರು. ತೂಕ ಇಳಿದ ಎಷ್ಟೋ ದಿನದ ನಂತರವೂ ಕೊಬ್ಬಿನ ಕೋಶಗಳಲ್ಲಿ ಕೆಲವು ಜೀನ್‌ಗಳು ಬೊಜ್ಜಿದ್ದ ಕಾಲದ ರೀತಿಯಲ್ಲೇ ನಡೆದುಕೊಳ್ಳುತ್ತಿದ್ದವು. ಜೀನ್‌ಗಳ ಅಕ್ಷರ ಬದಲಾಗದಿದ್ದರೂ ಅವುಗಳ ಮೇಲಿನ ರಾಸಾಯನಿಕ ಗುರುತುಗಳು ಹಳೆಯದನ್ನು ನೆನಪಿಟ್ಟುಕೊಂಡಿದ್ದವು. ಇಂಥ ನೆನಪು ಉಳಿದ ಇಲಿಗಳಿಗೆ ಮತ್ತೆ ಕೊಬ್ಬಿನ ಆಹಾರ ಕೊಟ್ಟಾಗ ಅವು ಬೇರೆ ಇಲಿಗಳಿಗಿಂತ ಬೇಗ ದಪ್ಪಗಾದವು.

ಕೊಬ್ಬಿನ ಕೋಶ ಹುಟ್ಟಿಸುವ ಜೀನ್

ಹೊಸ ಕೊಬ್ಬಿನ ಕೋಶ ಶೂನ್ಯದಿಂದ ಹುಟ್ಟುವುದಿಲ್ಲ. ಕೊಬ್ಬಿನ ಅಂಗಾಂಶದಲ್ಲಿ ಕಾಯುತ್ತಾ ಕುಳಿತ ಮೂಲಕೋಶಗಳು ಸಂಕೇತ ಸಿಕ್ಕಾಗ ವಿಭಜನೆಗೊಂಡು, ಬೆಳೆದು, ಎಣ್ಣೆ ತುಂಬಿಕೊಳ್ಳಲು ತಯಾರಾಗುತ್ತವೆ. ಹೀಗೆ ಬೆಳೆಯುವ ಹಂತದ ಮುಖ್ಯ ಸ್ವಿಚ್ ಎಂದರೆ ಪಿಪಿಎಆರ್-ಗಾಮಾ ಎಂಬ ಜೀನ್. ಅದರ ಪಾತ್ರವನ್ನು 1994ರಲ್ಲಿ ಅಮೆರಿಕದ ಬ್ರೂಸ್ ಸ್ಪೀಗಲ್‌ಮನ್ ಅವರ ತಂಡ ತೋರಿಸಿಕೊಟ್ಟಿತು. ಈ ಸ್ವಿಚ್ ಒತ್ತದೆ ಕೊಬ್ಬಿನ ಕೋಶ ರೂಪುಗೊಳ್ಳುವುದೇ ಇಲ್ಲ.

ಸಕ್ಕರೆ ಕಾಯಿಲೆಗೆ ಪಿಯೋಗ್ಲಿಟಾಜೋನ್ ಮಾತ್ರೆ ತೆಗೆದುಕೊಳ್ಳುವವರ ದೇಹದಲ್ಲಿ ನಡೆಯುವುದೂ ಇದೇ. ಆ ಮಾತ್ರೆ ಪಿಪಿಎಆರ್-ಗಾಮಾವನ್ನು ಚುರುಕುಗೊಳಿಸುತ್ತದೆ. ಚರ್ಮದ ಕೆಳಗೆ ಹೊಸ ಕೊಬ್ಬಿನ ಕೋಶಗಳು ಬೆಳೆಯುತ್ತವೆ, ತೂಕ ಸ್ವಲ್ಪ ಏರುತ್ತದೆ, ಆದರೆ ರಕ್ತದ ಸಕ್ಕರೆ ಇಳಿಯುತ್ತದೆ! ಕೊಬ್ಬು ಹೆಚ್ಚಾದರೂ ಸಕ್ಕರೆ ಇಳಿಯುವುದು ವಿಚಿತ್ರ ಎನಿಸಬಹುದು. ಸೇರಬೇಕಾದ ಜಾಗದಲ್ಲಿ ಕೊಬ್ಬು ಸೇರಿದರೆ ಯಕೃತ್ತು ಮತ್ತು ಸ್ನಾಯುಗಳಿಗೆ ಅದರ ಕಾಟ ತಪ್ಪುತ್ತದೆ ಎಂಬುದೇ ಇದರ ಗುಟ್ಟು.

ಇದಕ್ಕೆ ತದ್ವಿರುದ್ಧವಾದ ಕಾಯಿಲೆಯೂ ಇದೆ. ಅದು ಲಿಪೊಡಿಸ್ಟ್ರೊಫಿ. ಜೀನ್ ದೋಷದಿಂದ ಕೊಬ್ಬಿನ ಕೋಶಗಳೇ ಸರಿಯಾಗಿ ಬೆಳೆಯದ ಇಂಥವರು ನೋಡಲು ತೆಳ್ಳಗಿರುತ್ತಾರೆ. ಆದರೆ ಅವರಲ್ಲಿ ತೀವ್ರ ಸಕ್ಕರೆ ಕಾಯಿಲೆ, ಯಕೃತ್ತಿನಲ್ಲಿ ಕೊಬ್ಬು ಕಾಣಿಸಿಕೊಳ್ಳುತ್ತವೆ. ಕಣಜವೇ ಇಲ್ಲದ ಮನೆಯಲ್ಲಿ ಕಾಳು ನಡುಮನೆ, ಅಡುಗೆಮನೆಯಲ್ಲೆಲ್ಲ ಚೆಲ್ಲಾಡಿದಂತೆ. ಅಂದರೆ ಕೊಬ್ಬಿನ ಕೋಶ ನಮ್ಮ ಶತ್ರುವಲ್ಲ. ಅದರ ಸಾಮರ್ಥ್ಯ ಮೀರಿ ತುಂಬಿದಾಗ ತೊಂದರೆ ಶುರುವಾಗುತ್ತದೆ.

ಕೊಬ್ಬಿನ ಆಹಾರ ಸಿಕ್ಕಾಗ ಏನಾಗುತ್ತದೆ?

ಆಹಾರ ಬದಲಾದ ಕೂಡಲೇ ಕೋಶಗಳಲ್ಲಿ ಏನಾಗುತ್ತದೆ ಎಂಬುದನ್ನು ಇಲಿಗಳಲ್ಲಿ ಹತ್ತಿರದಿಂದ ನೋಡಲಾಗಿದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೆಚ್ಚು ಕೊಬ್ಬಿನ ಆಹಾರ ಆರಂಭಿಸಿದ ಮೊದಲ ಕೆಲವೇ ದಿನಗಳಲ್ಲಿ ಹೊಟ್ಟೆಯ ಕೊಬ್ಬಿನಲ್ಲಿದ್ದ ಮೂಲಕೋಶಗಳು ವಿಭಜನೆಗೊಳ್ಳತೊಡಗಿದವು. ಎಕೆಟಿ2 ಎಂಬ ಜೀನ್ ಇಲ್ಲದ ಇಲಿಗಳಲ್ಲಿ ಈ ವಿಭಜನೆ ನಡೆಯಲಿಲ್ಲ. ಬೆಳವಣಿಗೆಯ ಕಾಲದಲ್ಲಿ ಸಹಜವಾಗಿ ಕೊಬ್ಬಿನ ಕೋಶ ಹುಟ್ಟಲು ಈ ಜೀನ್ ಬೇಕಾಗಿರಲಿಲ್ಲ. ಆಹಾರದಿಂದ ಬರುವ ಬೊಜ್ಜಿಗೆ ದೇಹದಲ್ಲಿ ಪ್ರತ್ಯೇಕ ದಾರಿಯೇ ಇದೆ ಎಂದಾಯಿತು.

ಮನುಷ್ಯರಲ್ಲಿ ಹೆಚ್ಚು ಚರ್ಚೆಯಾಗಿರುವ ಜೀನ್ ಎಫ್‌ಟಿಒ. 2007ರಲ್ಲಿ ಬ್ರಿಟನ್‌ನ ಸಂಶೋಧಕರು 38 ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ಆಧರಿಸಿ ಇದನ್ನು ಗುರುತಿಸಿದರು. ಈ ಜೀನ್‌ನ ಅಪಾಯಕಾರಿ ರೂಪವನ್ನು ತಂದೆ-ತಾಯಿ ಇಬ್ಬರಿಂದಲೂ ಪಡೆದವರು, ಅದು ಇಲ್ಲದವರಿಗಿಂತ ಸರಾಸರಿ 3 ಕಿಲೋ ಹೆಚ್ಚು ತೂಗುತ್ತಿದ್ದರು. ಅವರಲ್ಲಿ ಬೊಜ್ಜಿನ ಸಾಧ್ಯತೆ 1.67 ಪಟ್ಟು ಇತ್ತು. ಯುರೋಪ್ ಮೂಲದ ವಯಸ್ಕರಲ್ಲಿ ಶೇ. 16ರಷ್ಟು ಜನ ಈ ಗುಂಪಿಗೆ ಸೇರುತ್ತಾರೆ.

ಈ ಜೀನ್ ದಪ್ಪಗಾಗಿಸುವುದು ಹೇಗೆ ಎಂಬುದಕ್ಕೆ 2015ರಲ್ಲಿ ಅಮೆರಿಕದ ಎಂಐಟಿ ಮತ್ತು ಹಾರ್ವರ್ಡ್ ಸಂಶೋಧಕರು ಒಂದು ಉತ್ತರ ಕೊಟ್ಟರು. ಎಫ್‌ಟಿಒ ಜೀನ್‌ನೊಳಗಿನ ಒಂದು ಅಕ್ಷರದ ವ್ಯತ್ಯಾಸ, ದೂರದಲ್ಲಿರುವ ಐಆರ್‌ಎಕ್ಸ್3 ಮತ್ತು ಐಆರ್‌ಎಕ್ಸ್5 ಎಂಬ ಎರಡು ಜೀನ್‌ಗಳನ್ನು ಚುರುಕುಗೊಳಿಸುತ್ತದೆ. ಆಗ ಬೆಳೆಯುತ್ತಿರುವ ಕೊಬ್ಬಿನ ಕೋಶ ಶಕ್ತಿಯನ್ನು ಸುಟ್ಟು ಶಾಖ ಮಾಡುವ ಬದಲು ಕೂಡಿಡುವ ಕೋಶವಾಗುತ್ತದೆ. ಪ್ರಯೋಗಾಲಯದಲ್ಲಿ ಆ ಒಂದು ಅಕ್ಷರವನ್ನು ತಿದ್ದಿದಾಗ ಕೋಶಗಳು ಮತ್ತೆ ಶಕ್ತಿ ಸುಡತೊಡಗಿದವು.

ಆದರೆ ಬೊಜ್ಜು ಕೊಬ್ಬಿನ ಕೋಶದಲ್ಲಷ್ಟೇ ಶುರುವಾಗುವುದಿಲ್ಲ, ಹಸಿವಿನಲ್ಲೂ ಶುರುವಾಗುತ್ತದೆ. ಎಫ್‌ಟಿಒದ ಅಪಾಯಕಾರಿ ರೂಪ ಹೊಂದಿದ್ದ ಸ್ಕಾಟ್ಲೆಂಡ್‌ನ ಮಕ್ಕಳು ಹೆಚ್ಚು ಕ್ಯಾಲೊರಿಯ ತಿಂಡಿಯತ್ತ ಹೆಚ್ಚು ವಾಲಿದ್ದು 2008ರ ಅಧ್ಯಯನದಲ್ಲಿ ಕಂಡಿತ್ತು. ಬೊಜ್ಜಿಗೆ ಸಂಬಂಧಿಸಿದ ಹಲವು ಜೀನ್‌ಗಳು ಕೆಲಸ ಮಾಡುವುದೂ ಮಿದುಳಿನಲ್ಲಿ. ಹೊಟ್ಟೆ ತುಂಬಿತು ಎಂಬ ಸಂದೇಶ ಕೆಲವರಿಗೆ ಎರಡನೇ ಚಪಾತಿಗೇ ಬರುತ್ತದೆ, ಕೆಲವರಿಗೆ ನಾಲ್ಕನೆಯದಕ್ಕೂ ಬರುವುದಿಲ್ಲ. ನಾಲ್ಕನೆಯದನ್ನು ಬೇಡವೆನ್ನುವುದು ಇಬ್ಬರಿಗೂ ಒಂದೇ ಮಟ್ಟದ ಕಷ್ಟವಲ್ಲ.

ಒಂದೇ ಜೀನ್ ಕೆಟ್ಟರೆ

ಬೊಜ್ಜಿನೊಂದಿಗೆ ನಂಟಿರುವ 900ಕ್ಕೂ ಹೆಚ್ಚು ಜೀನ್ ವ್ಯತ್ಯಾಸಗಳು ಈಗ ಗೊತ್ತಿವೆ. ಇವುಗಳಲ್ಲಿ ಬಹುತೇಕ ಪ್ರತಿಯೊಂದರ ಪರಿಣಾಮವೂ ಬಹಳ ಚಿಕ್ಕದು. ಆದರೆ ಅಪರೂಪಕ್ಕೆ ಒಂದೇ ಜೀನ್‌ನ ದೋಷ ತೀವ್ರ ಬೊಜ್ಜು ತರಬಲ್ಲದು.

1994ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಅತಿಯಾಗಿ ದಪ್ಪಗಾಗುವ ಒಂದು ತಳಿಯ ಇಲಿಗಳಲ್ಲಿ ಕೆಟ್ಟಿದ್ದ ಜೀನ್ ಪತ್ತೆ ಮಾಡಿತು. ಆ ಜೀನ್ ತಯಾರಿಸುವ ಹಾರ್ಮೋನಿಗೆ ಲೆಪ್ಟಿನ್ ಎಂದು ಹೆಸರಾಯಿತು. ಇದು ಕೊಬ್ಬಿನ ಕೋಶಗಳಿಂದಲೇ ಹೊರಟು, "ದಾಸ್ತಾನು ಸಾಕಷ್ಟಿದೆ" ಎಂದು ಮಿದುಳಿಗೆ ತಿಳಿಸುವ ಹಾರ್ಮೋನ್.

ಮೂರು ವರ್ಷದ ನಂತರ ಬ್ರಿಟನ್‌ನ ಕೇಂಬ್ರಿಜ್ ತಂಡ ಪಾಕಿಸ್ತಾನ ಮೂಲದ ಒಂದೇ ಕುಟುಂಬದ ಇಬ್ಬರು ಮಕ್ಕಳಲ್ಲಿ ಇದೇ ದೋಷ ಗುರುತಿಸಿತು. ಎಂಟು ವರ್ಷದ ಮಗು 86 ಕಿಲೋ ಇತ್ತು, ಎರಡು ವರ್ಷದ್ದು 29 ಕಿಲೋ. ಎಷ್ಟು ತಿಂದರೂ ಅವರ ಹಸಿವು ತೀರುತ್ತಿರಲಿಲ್ಲ. ದೊಡ್ಡ ಮಗುವಿಗೆ ಲೆಪ್ಟಿನ್ ಚುಚ್ಚುಮದ್ದು ಕೊಟ್ಟಾಗ ಹಸಿವು ತಗ್ಗಿ, ತೂಕ ಇಳಿಯಿತು. ಅಲ್ಲಿಯವರೆಗೆ ಅದು ಹೆತ್ತವರ ಮುದ್ದಿನ ತಪ್ಪಲ್ಲ, ಮಗುವಿನ ಹಟವೂ ಅಲ್ಲ ಎಂದು ಸಾಬೀತು ಮಾಡುವ ದಾರಿಯೇ ಇರಲಿಲ್ಲ.

ಈ ಮಕ್ಕಳ ತಂದೆ-ತಾಯಿ ರಕ್ತಸಂಬಂಧಿಗಳಾಗಿದ್ದರು. ಇಂಥ ದೋಷ ಕಾಣಿಸಿಕೊಳ್ಳಲು ಕೆಟ್ಟ ಜೀನ್ ಇಬ್ಬರು ಪೋಷಕರಿಂದಲೂ ಬರಬೇಕು. ರಕ್ತಸಂಬಂಧದ ಮದುವೆಯಲ್ಲಿ ಆ ಸಾಧ್ಯತೆ ಹೆಚ್ಚು. ಕರ್ನಾಟಕವೂ ಸೇರಿ ದಕ್ಷಿಣ ಭಾರತದಲ್ಲಿ ಸೋದರಮಾವ, ಅತ್ತೆಯ ಮಕ್ಕಳ ಜತೆ ಮದುವೆ ಇನ್ನೂ ರೂಢಿಯಲ್ಲಿದೆ. ಹಾಗಾಗಿ ಮಗು ಮೊದಲ ಎರಡು-ಮೂರು ವರ್ಷಗಳಲ್ಲೇ ಅತಿಯಾಗಿ ದಪ್ಪಗಾಗಿ, ಸದಾ ಹಸಿವೆಂದು ಅಳುತ್ತಿದ್ದರೆ ಮಕ್ಕಳ ವೈದ್ಯರ ಬಳಿ ಜೀನ್ ಪರೀಕ್ಷೆಯ ಬಗ್ಗೆ ಕೇಳುವುದು ಒಳ್ಳೆಯದು.

ಜೀನ್ ಅದೇ, ಊರು ಬೇರೆ

ಜೀನ್‌ಗಳೇ ಎಲ್ಲವನ್ನೂ ನಿರ್ಧರಿಸುವುದಾದರೆ ಕೆಲವೇ ದಶಕಗಳಲ್ಲಿ ಪ್ರಪಂಚದಾದ್ಯಂತ ಬೊಜ್ಜು ಏರಿದ್ದು ಹೇಗೆ? ಮನುಷ್ಯರ ಜೀನ್‌ಗಳು ಅಷ್ಟು ಬೇಗ ಬದಲಾಗುವುದಿಲ್ಲ. ಈ ಪ್ರಶ್ನೆಗೆ ಪಿಮಾ ಬುಡಕಟ್ಟಿನವರ ಬದುಕು ಉತ್ತರ ಕೊಡುತ್ತದೆ.

ಪಿಮಾ ಜನರ ಒಂದು ಗುಂಪು ಅಮೆರಿಕದ ಅರಿಜೋನಾದಲ್ಲಿದೆ, ಇನ್ನೊಂದು ಮೆಕ್ಸಿಕೋದ ಗುಡ್ಡಗಾಡಿನಲ್ಲಿದೆ. ಎರಡೂ ಗುಂಪುಗಳ ಆನುವಂಶಿಕ ಹಿನ್ನೆಲೆ ಹತ್ತಿರದ್ದು. ಮೆಕ್ಸಿಕೋದವರು ಹೊಲದಲ್ಲಿ ಮೈಮುರಿದು ದುಡಿಯುತ್ತಾ, ಅವರೆ ಜಾತಿಯ ಕಾಳು, ಜೋಳದ ರೊಟ್ಟಿ, ಆಲೂಗಡ್ಡೆ ತಿಂದು ಬದುಕುತ್ತಿದ್ದರು. ಅರಿಜೋನಾದವರ ಬದುಕು ಪೂರ್ತಿ ಅಮೆರಿಕದ ಶೈಲಿಗೆ ಬದಲಾಗಿತ್ತು. 2006ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಅರಿಜೋನಾದ ಪಿಮಾ ಜನರಲ್ಲಿ ಶೇ. 38 ಮಂದಿಗೆ ಸಕ್ಕರೆ ಕಾಯಿಲೆ ಇದ್ದರೆ, ಮೆಕ್ಸಿಕೋದವರಲ್ಲಿ ಇದ್ದದ್ದು ಶೇ. 6.9 ಮಂದಿಗೆ. ಬೊಜ್ಜಿನಲ್ಲೂ ಭಾರಿ ಅಂತರವಿತ್ತು.

ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಪಟ್ಟಣದ ಹೃದ್ರೋಗ ಅಧ್ಯಯನವೂ ಇದನ್ನೇ ಹೇಳಿತು. ಅಲ್ಲಿ 1942ರ ನಂತರ ಹುಟ್ಟಿದವರಲ್ಲಿ ಎಫ್‌ಟಿಒ ಜೀನ್‌ಗೂ ತೂಕಕ್ಕೂ ಗಟ್ಟಿಯಾದ ನಂಟು ಕಂಡಿತು. ಅದಕ್ಕಿಂತ ಮೊದಲು ಹುಟ್ಟಿದವರಲ್ಲಿ ಅಂಥ ನಂಟು ಕಾಣಲಿಲ್ಲ. ಆಹಾರ ಅಗ್ಗವಾಗಿ, ಕೆಲಸ ಕುಳಿತಲ್ಲೇ ಆಗುವ ಕಾಲ ಬಂದಾಗ ಜೀನ್‌ನ ಪ್ರಭಾವ ಹೊರಗೆ ಬಂತು. ಬೀಜ ಮೊದಲೇ ಇತ್ತು, ಮಳೆ ಬಿದ್ದ ಮೇಲೆ ಮೊಳಕೆಯೊಡೆಯಿತು.

ತೆಳ್ಳಗಿದ್ದರೂ ಕೊಬ್ಬು: ಭಾರತೀಯರ ಸಮಸ್ಯೆ

ಭಾರತೀಯರ ಮಟ್ಟಿಗೆ ಈ ವಿಷಯ ಇನ್ನಷ್ಟು ಗಂಭೀರ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಬ್ಬರು ವೈದ್ಯ ವಿಜ್ಞಾನಿಗಳ ಫೋಟೋ ಅಕ್ಕಪಕ್ಕ ಪ್ರಕಟವಾಯಿತು. ಒಬ್ಬರು ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್‌ನ ಜಾನ್ ಯಡ್ಕಿನ್. ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ ಇಬ್ಬರದ್ದೂ 22.3. ಆದರೆ ಯಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇ. 9.1 ಇದ್ದರೆ, ಯಾಜ್ಞಿಕ್ ಅವರಲ್ಲಿ ಶೇ. 21.2 ಇತ್ತು. ತಕ್ಕಡಿಗೆ ಇಬ್ಬರೂ ಒಂದೇ, ದೇಹದ ಒಳಗೆ ಅಜಗಜಾಂತರ.

ಈ ವ್ಯತ್ಯಾಸ ಹುಟ್ಟಿನಿಂದಲೇ ಇರುತ್ತದೆ ಎಂದು ಪುಣೆಯ ಅಧ್ಯಯನಗಳು ತೋರಿಸಿವೆ. ಪುಣೆ ಸುತ್ತಲಿನ ಹಳ್ಳಿಗಳ ಶಿಶುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡ್‌ನ ಸೌತಾಂಪ್ಟನ್ ಶಿಶುಗಳದ್ದು 3.5 ಕಿಲೋ. ಪುಣೆಯ ಶಿಶುಗಳಲ್ಲಿ ಸ್ನಾಯು ಬಹಳ ಕಡಿಮೆ ಇತ್ತು, ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿರಲಿಲ್ಲ. ತಾಯಿಯ ಪೋಷಣೆಗೂ ಇದರಲ್ಲಿ ಪಾಲಿದೆ. ಗರ್ಭಿಣಿಯರಲ್ಲಿ ವಿಟಮಿನ್ ಬಿ12 ಕಡಿಮೆ ಇದ್ದು ಫೋಲೇಟ್ ಹೆಚ್ಚಿದ್ದಾಗ, ಅವರ ಮಕ್ಕಳಲ್ಲಿ ಮುಂದೆ ಇನ್ಸುಲಿನ್ ಪ್ರತಿರೋಧ ಹೆಚ್ಚಾಗಿ ಕಂಡಿತ್ತು.

ಜೀನ್‌ಗಳಲ್ಲೂ ಸುಳಿವುಗಳಿವೆ. ಲಂಡನ್‌ನಲ್ಲಿ ನೆಲೆಸಿದ ಭಾರತೀಯ ಮೂಲದವರ ಅಧ್ಯಯನ 2008ರಲ್ಲಿ ಎಂಸಿ4ಆರ್ ಎಂಬ ಜೀನ್ ಪಕ್ಕದ ಒಂದು ವ್ಯತ್ಯಾಸವನ್ನು ಸೊಂಟದ ಸುತ್ತಳತೆಯೊಂದಿಗೆ ಜೋಡಿಸಿತು. ಈ ವ್ಯತ್ಯಾಸ ಯುರೋಪಿಯನ್ನರಿಗಿಂತ ಭಾರತೀಯ ಮೂಲದವರಲ್ಲಿ ಹೆಚ್ಚು ಸಾಮಾನ್ಯ. ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ, ದಕ್ಷಿಣ ಏಷ್ಯಾ ಮೂಲದ ಪುರುಷರ ಚರ್ಮದಡಿಯ ಕೊಬ್ಬಿನ ಕೋಶಗಳು ಬಿಳಿಯರ ಕೋಶಗಳಿಗಿಂತ ದೊಡ್ಡದಾಗಿದ್ದವು.

ಚರ್ಮದಡಿಯ ಕಣಜ ಭಾರತೀಯರಲ್ಲಿ ಬೇಗ ತುಂಬಿ, ಉಳಿದ ಕೊಬ್ಬು ಹೊಟ್ಟೆಯೊಳಗೆ, ಯಕೃತ್ತಿಗೆ ಹರಿಯುತ್ತದೆ ಎಂಬುದು ಅನೇಕ ತಜ್ಞರ ವಾದ. ಯುರೋಪಿನವರು 10 ಕಿಲೋ ಹೆಚ್ಚಾದ ಮೇಲೆ ಎದುರಿಸುವ ತೊಂದರೆಯನ್ನು ಭಾರತೀಯರು ಬೇಗನೇ ಎದುರಿಸಬೇಕಾಗಬಹುದು. ಹಾಗಾಗಿಯೇ ಭಾರತದಲ್ಲಿ ಬಿಎಂಐ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ಪರಿಗಣಿಸುತ್ತಾರೆ. ಪಾಶ್ಚಾತ್ಯರಿಗೆ ಈ ಮಿತಿ 25 ಮತ್ತು 30. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ನೇತೃತ್ವದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯಲ್ಲಿ, ಒಟ್ಟಾರೆ ಬೊಜ್ಜು ಶೇ. 28.6 ಜನರಲ್ಲಿದ್ದರೆ ಹೊಟ್ಟೆಯ ಬೊಜ್ಜು ಶೇ. 39.5 ಜನರಲ್ಲಿತ್ತು. ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ ಎಂದೂ ಅದು ಅಂದಾಜಿಸಿತು.

ಹಾಗಾದರೆ ಮಾಡಬೇಕಾದದ್ದೇನು?

ಮೊದಲನೆಯದಾಗಿ, ತಕ್ಕಡಿಯ ಜತೆ ಟೇಪನ್ನೂ ನಂಬಿ. ಉಸಿರು ಬಿಟ್ಟು ನಿಂತು, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಅಳೆಯಿರಿ. ಭಾರತೀಯ ಪುರುಷರಲ್ಲಿ 90 ಸೆಂಟಿಮೀಟರ್, ಮಹಿಳೆಯರಲ್ಲಿ 80 ಸೆಂಟಿಮೀಟರ್ ದಾಟಿದರೆ ತೂಕ ಎಷ್ಟೇ ಇರಲಿ, ಸಕ್ಕರೆ ಮತ್ತು ಕೊಲೆಸ್ಟರಾಲ್ ಪರೀಕ್ಷೆ ಮಾಡಿಸುವುದು ಒಳಿತು. ಮನೆಯಲ್ಲಿ ತಂದೆ-ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಬೇಗ ಮಾಡಿಸಬೇಕು.

ಎರಡನೆಯದು, ನಡಿಗೆ ಮತ್ತು ಮೈದಂಡನೆ. ಎರಡು ಲಕ್ಷಕ್ಕೂ ಹೆಚ್ಚು ವಯಸ್ಕರ ಮಾಹಿತಿ ಸೇರಿಸಿ 2011ರಲ್ಲಿ ನಡೆಸಿದ ವಿಶ್ಲೇಷಣೆಯಲ್ಲಿ, ದೈಹಿಕವಾಗಿ ಚಟುವಟಿಕೆಯಿಂದಿದ್ದವರಲ್ಲಿ ಎಫ್‌ಟಿಒ ಜೀನ್ ತರುವ ಬೊಜ್ಜಿನ ಅಪಾಯ ಶೇ. 27ರಷ್ಟು ಕಡಿಮೆಯಾಗಿತ್ತು. ಜೀನ್ ಬದಲಾಗಲಿಲ್ಲ, ಅದರ ಜೋರು ತಗ್ಗಿತು. ಹುಟ್ಟಿನಿಂದಲೇ ಸ್ನಾಯು ಕಡಿಮೆ ಇರುವ ಭಾರತೀಯರಿಗೆ ಸ್ನಾಯು ಬೆಳೆಸುವ ವ್ಯಾಯಾಮವೂ ಬೇಕು. ತಟ್ಟೆಯಲ್ಲಿ ಅನ್ನ ಸ್ವಲ್ಪ ಇಳಿದು ಬೇಳೆ, ಕಾಳು, ಸೊಪ್ಪು ಹೆಚ್ಚಿದರೆ ಹೊಟ್ಟೆಯೂ ಬೇಗ ತುಂಬುತ್ತದೆ.

ಮೂರನೆಯದು, ಮಕ್ಕಳು. ಕೊಬ್ಬಿನ ಕೋಶಗಳ ಸಂಖ್ಯೆ ಬಹುಪಾಲು ನಿರ್ಧಾರವಾಗುವುದು ಹದಿಹರೆಯ ಮುಗಿಯುವುದರೊಳಗೆ. "ಮಗು ಗುಂಡು ಗುಂಡಾಗಿದ್ದರೆ ಚೆಂದ, ದೊಡ್ಡದಾದ ಮೇಲೆ ತಾನಾಗಿಯೇ ಕರಗುತ್ತೆ" ಎಂಬ ಮಾತನ್ನು ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆಗ ತುಂಬಿದ ಕೋಶಗಳು ಮುಂದೆ ಕುಗ್ಗಬಹುದೇ ಹೊರತು ಮಾಯವಾಗುವುದಿಲ್ಲ. ಆಟಕ್ಕೆ ಬಯಲು, ಊಟಕ್ಕೆ ಹೊತ್ತು, ಪೊಟ್ಟಣದ ತಿಂಡಿಗೆ ಮಿತಿ ಇದ್ದರೆ ಸಾಕಷ್ಟು ಕೆಲಸವಾಗುತ್ತದೆ.

ಆನ್‌ಲೈನಿನಲ್ಲಿ ಸಿಗುವ ಜೀನ್ ಪರೀಕ್ಷೆಯ ಕಿಟ್‌ಗಳಿಂದ ಸಾಮಾನ್ಯ ಬೊಜ್ಜಿನವರಿಗೆ ದೊಡ್ಡ ಉಪಯೋಗವಿಲ್ಲ. ವರದಿ ಏನೇ ಬಂದರೂ ವೈದ್ಯರು ಹೇಳುವ ಊಟ ಮತ್ತು ವ್ಯಾಯಾಮದ ಸಲಹೆ ಹೆಚ್ಚು ಬದಲಾಗುವುದಿಲ್ಲ. ಅಪ್ಪ-ಅಮ್ಮ, ಅಜ್ಜ-ಅಜ್ಜಿಯರ ಆರೋಗ್ಯದ ಇತಿಹಾಸ ಕೇಳಿ ತಿಳಿದುಕೊಂಡರೆ ಹೆಚ್ಚುಕಡಿಮೆ ಅಷ್ಟೇ ಮಾಹಿತಿ ಖರ್ಚಿಲ್ಲದೆ ಸಿಗುತ್ತದೆ.

ಕೊನೆಯದಾಗಿ, ಪಂಕ್ತಿಯಲ್ಲಿ ಕುಳಿತಾಗ ಪಕ್ಕದವರ ಎಲೆ ನೋಡಿ ಲೆಕ್ಕ ಹಾಕುವುದನ್ನು ಬಿಡಬೇಕು. ಅವರು ತಿಂದಷ್ಟೇ ತಿಂದರೂ ನಿಮ್ಮ ದೇಹ ಕೂಡಿಡುವ ಪ್ರಮಾಣ ಬೇರೆ. ದಪ್ಪಗಿರುವವರನ್ನು ಹೀಯಾಳಿಸಿದರೆ ಅವರ ಜೀನ್ ಬದಲಾಗುವುದಿಲ್ಲ. ತೆಳ್ಳಗಿರುವವರಿಗೂ ಅವರ ಜೀನ್ ರಕ್ಷಣೆ ಕೊಡುತ್ತದೆಂಬ ಖಾತರಿಯಿಲ್ಲ. ಇಬ್ಬರೂ ಸೊಂಟ ಅಳೆದುಕೊಂಡು, ಸಂಜೆ ಒಟ್ಟಿಗೆ ಅರ್ಧ ಗಂಟೆ ನಡೆದರೆ ಇಬ್ಬರಿಗೂ ಲಾಭ.